“ಎಷ್ಟು ದಿನದಿಂದ ಕೆಮ್ಮು?”: ಒಂದು ಪ್ರಶ್ನೆಯ ಚರಿತ್ರೆ

ನಂದಗುಡಿ ಹೋಬಳಿಯ ಯಾವ ಊರಿನವರೇ ಕೆಮ್ಮು ಅಂತ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ನರ್ಸಮ್ಮ ಮೊದಲು ಕೇಳಬೇಕಾದ ಮಾತು ಒಂದೇ: “ಎಷ್ಟು ದಿನದಿಂದ?” ಈ ಸಣ್ಣ ಪ್ರಶ್ನೆಯ ಹಿಂದೆ ನಮ್ಮ ಅಕ್ಕಪಕ್ಕದ ಹಳ್ಳಿಗಳ ಕಥೆ ಇದೆ.

1950ರ ದಶಕದವರೆಗೆ ಕ್ಷಯಕ್ಕೆ ಚಿಕಿತ್ಸೆ ಅಂದರೆ ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಇರಬೇಕಿತ್ತು. ಕೂಲಿ ಬಿಟ್ಟು ಹೋಗುವುದು ಬಡವರಿಂದ ಆಗುವ ಮಾತಲ್ಲ. ಮನೆಯಲ್ಲೇ ಇದ್ದು ಔಷಧಿ ತಗೊಂಡರೂ ಅಷ್ಟೇ ಗುಣವಾಗುತ್ತದೆ ಎಂದು 1959ರಲ್ಲಿ ಮದರಾಸಿನ ಅಧ್ಯಯನ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು.

ಔಷಧಿಯೇನೋ ಸಿಕ್ಕಿತು, ರೋಗಿಗಳನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ, ತಾವಾಗಿ ಬರುವುದಿಲ್ಲ ಎಂದೇ ಹಲವರು ಭಾವಿಸಿದ್ದರು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅಲ್ಲಿ ಕಫ ನೋಡದೆ, ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು. ತಪ್ಪು ಹಳ್ಳಿಯವರದಾಗಿರಲಿಲ್ಲ. ಈ ವರದಿ 1963ರಲ್ಲಿ ಪ್ರಕಟವಾಯಿತು.

ಹಾಗೆ ಕಳಿಸಿದರೆ ಏನಾಗುತ್ತದೆ? 1961ರಿಂದ ಇದೇ ಸಂಸ್ಥೆ ದೇವನಹಳ್ಳಿ, ನೆಲಮಂಗಲ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಐದು ವರ್ಷದ ಅವಧಿಯಲ್ಲಿ ನಾಲ್ಕು ಸಲ ಸಮೀಕ್ಷೆ ಮಾಡಿತು. ಆಗ ಅಲ್ಲಿ ಕ್ಷಯಕ್ಕೆ ವ್ಯವಸ್ಥಿತ ಚಿಕಿತ್ಸೆ ಇರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಹೆಚ್ಚುಕಮ್ಮಿ ಅರ್ಧ ಜನ ಐದು ವರ್ಷದೊಳಗೆ ತೀರಿಕೊಂಡರು. ಮಿಕ್ಕವರಲ್ಲಿ ಕೆಲವರು ತಾವಾಗಿ ಗುಣವಾದರು, ಉಳಿದವರ ಕಫದಲ್ಲಿ ರೋಗಾಣು ಹಾಗೇ ಇತ್ತು. ನಮಗೆ ಗೊತ್ತಿರುವ ಈ ಲೆಕ್ಕ ಆ ಮನೆಗಳು ತೆತ್ತ ಬೆಲೆ.

1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ದಾರಿ ಇದೇ: ತಾವಾಗಿ ಬಂದವರನ್ನು ಕೇಳು, ಕೆಮ್ಮು ಹಳೆಯದಾದರೆ ಕಫ ಪರೀಕ್ಷಿಸು, ಮನೆ ಹತ್ತಿರವೇ ಔಷಧಿ ಕೊಡು. ದೊಡ್ಡ ಯಂತ್ರ ಬೇಕಿಲ್ಲ. ಕೇಳುವ ನರ್ಸಮ್ಮ, ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲವರು ಇದ್ದರೆ ಸಾಕು.

ಈಗಿನ ಲೆಕ್ಕ ಎರಡು ವಾರ. ಅಷ್ಟು ದಿನ ಕೆಮ್ಮು ನಿಲ್ಲದಿದ್ದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಹುಷಾರಾಯಿತೆಂದು ನಡುವೆ ಬಿಡಬಾರದು.

ಅಲ್ಲಿ ಯಾರೂ ಕೇಳದಿದ್ದರೆ ನೀವೇ ಹೇಳಿ: “ಇಷ್ಟು ದಿನದಿಂದ ಕೆಮ್ಮು, ಕಫ ನೋಡಿ.”