ತೊಟ್ಟಿಗೆ ಸೂರು ಬಂದ ಕಥೆ

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಬೇತಮಂಗಲದಲ್ಲಿರುವ ಅವನ ತಾತನ ಕಾಲದ ಮನೆಯ ತೊಟ್ಟಿಯನ್ನು ಮುಚ್ಚಿ ಒಂದು ಕೋಣೆ ಮಾಡಿಸಬೇಕೆಂದಿದ್ದಾನಂತೆ. "ಮೇಷ್ಟ್ರೇ, ಮೇಸ್ತ್ರಿ ನಾಲ್ಕು ಗೋಡೆ ಎಬ್ಬಿಸಿ ಮೋಲ್ಡ್ ಹಾಕಿಬಿಡೋಣ ಅಂತಾನೆ. ನಿಮ್ಮ ಮನೆಯಲ್ಲೂ ಹಾಗೇ ಮಾಡಿದ್ರಲ್ಲ, ಏನಂತೀರಿ?" ಎಂದು ಕೇಳಿದ. ನಾನು ಸಮಾಜ ವಿಜ್ಞಾನ ಹೇಳಿಕೊಟ್ಟವನೇ ಹೊರತು ಮನೆ ಕಟ್ಟಿದವನಲ್ಲ. ಆದರೂ ಹುಡುಗ ಕೇಳಿದ್ದು ಸರಿಯಾದವನನ್ನೇ. ದೂರವಾಣಿಯಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಹಳೆಯದು. ಶಾಸನಗಳ ಕಾಲದಲ್ಲಿ ಅದು ವಿಜಯಾದಿತ್ಯಮಂಗಲ. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯ ಆಶ್ರಯದಲ್ಲಿ ಬೆಳೆದ ಊರು ಇದು. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವೂ ಆಗಿತ್ತು. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಬಂದಾಗ ಅದು ನಮ್ಮೂರಿನ ಮೇಲೆ ಹಾಯಲಿಲ್ಲ. ಕಮಿಷನರ್ ಬೌರಿಂಗ್ ಅವರ ಹೆಸರು ಹೊತ್ತ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ರೈಲಿನ ಬಲದಿಂದ ಬೆಳೆಯಿತು. ಕಚೇರಿಯೂ ವ್ಯಾಪಾರವೂ ಅತ್ತ ಸರಿದವು. ಇದರಿಂದ ಊರಿಗೆ ನಷ್ಟವಾಯಿತು, ಹಳೆಯ ಮನೆಗಳಿಗೆ ಲಾಭವಾಯಿತು ಎನ್ನಬೇಕು. ಹಣವಿದ್ದ ಊರುಗಳಲ್ಲಿ ಹಳೆಯ ಮನೆಗಳು ಬೇಗ ಬಿದ್ದು ಹೊಸವು ಏಳುತ್ತವೆ. ನಮ್ಮಲ್ಲಿ ಮಾಳಿಗೆ ಮನೆಗಳು ಬಹುಕಾಲ ಹಾಗೆಯೇ ಉಳಿದವು.

ಆ ಮನೆಗಳ ಕ್ರಮವನ್ನು ಈಗಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಬೀದಿಗೆ ಜಗಲಿ, ಜಗಲಿ ದಾಟಿದರೆ ತಲೆಬಾಗಿಲು, ಒಳಗೆ ನಡುವೆ ತೊಟ್ಟಿ, ತೊಟ್ಟಿಯ ಸುತ್ತ ಕಂಬಗಳ ಮೇಲೆ ನಿಂತ ಪಡಸಾಲೆ, ಅದರ ಹಿಂದೆ ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಸೂರು ಮಣ್ಣಿನದು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಒಂದಡಿಯಷ್ಟು ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಚೌಳು ಮಣ್ಣು. ನಮ್ಮ ಜಿಲ್ಲೆಯಲ್ಲಿ ಬಂಡೆಗೆ ಬರವಿಲ್ಲದ ಕಾರಣ ಕೆಲವರು ಕಲ್ಲುಚಪ್ಪಡಿ ಹೊದಿಸುತ್ತಿದ್ದರು. ತೊಟ್ಟಿ ಪಡಸಾಲೆಗಿಂತ ಒಂದೂವರೆ ಅಡಿ ತಗ್ಗು. ಮೂಲೆಯಲ್ಲಿ ತೂಬು, ಬಿದ್ದ ಮಳೆನೀರು ಪಡಸಾಲೆಯ ಕೆಳಗಿನ ಕಲ್ಲು ಮೋರಿಯಲ್ಲಿ ಹರಿದು ಬೀದಿ ಸೇರುತ್ತಿತ್ತು. ಮಳೆ ಬಂದರೆ ಸೂರಿನ ಅಂಚಿಗೆ ಹಂಡೆ, ಕೊಳಗ, ಬಿಂದಿಗೆಗಳನ್ನು ಸಾಲಾಗಿ ಇಡುವುದು ನಮ್ಮ ಕೆಲಸ.

ತೊಟ್ಟಿ ಬರೀ ಖಾಲಿ ಜಾಗವೆಂದು ನಾನು ಬಹಳ ವರ್ಷ ನಂಬಿದ್ದೆ. ನನ್ನಂತೆ ಊರೆಲ್ಲ ನಂಬಿತ್ತು. ಆದರೆ ಅದು ಹಗಲಿರುಳು ದುಡಿಯುವ ಯಂತ್ರ. ರಾತ್ರಿ ಬಯಲಿಗೆ ತೆರೆದ ನೆಲವೂ ಸೂರೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ತಣಿದ ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ತೊಟ್ಟಿಯಲ್ಲಿ ನಿಂತು, ಪಡಸಾಲೆಗೂ ಕೋಣೆಗಳಿಗೂ ಹರಡುತ್ತದೆ. ಬೆಳಿಗ್ಗೆ ಹತ್ತರವರೆಗೂ ಮನೆ ತಂಪು. ಬಿಸಿಲೇರಿದ ಮೇಲೆ ತೊಟ್ಟಿಯ ಗಾಳಿ ಕಾದು ಮೇಲೇರುತ್ತದೆ. ಅದರ ಜಾಗಕ್ಕೆ ತಲೆಬಾಗಿಲಿಂದಲೂ ಹಿತ್ತಲಿಂದಲೂ ಗಾಳಿ ಬರುತ್ತದೆ. ಒಲೆಯ ಹೊಗೆಯೂ ಅದೇ ದಾರಿ ಹಿಡಿದು ಹೊರಗೆ ಹೋಗುತ್ತದೆ. ಮೊಹೆಂಜೊದಾರೊದ ಮನೆಗಳಲ್ಲೂ ನಡುವೆ ಅಂಗಳವಿತ್ತೆಂದು ನಾನು ಎಂಟನೆಯ ತರಗತಿಗೆ ವರ್ಷ ವರ್ಷವೂ ಪಾಠ ಮಾಡಿದ್ದೇನೆ. ಏಕಿತ್ತು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ 1940ರ ದಶಕದಲ್ಲಿ ನ್ಯೂ ಗೌರ್ನಾ ಎಂಬ ಹಳ್ಳಿಯನ್ನು ಮಣ್ಣಿಟ್ಟಿಗೆಯಲ್ಲಿ ಕಟ್ಟಿಸಿದಾಗ ಅಂಗಳದ ಈ ಗುಣವನ್ನೇ ಎತ್ತಿ ಹಿಡಿದರೆಂದು ನಿವೃತ್ತನಾದ ಮೇಲೆ ಓದಿ ತಿಳಿದೆ.

ಇಷ್ಟು ಉಪಕಾರಿಯಾದದ್ದನ್ನು ಜನ ಏಕೆ ಮುಚ್ಚಿದರು? ಬುದ್ಧಿಯಿಲ್ಲದೆ ಮುಚ್ಚಿದರು ಎನ್ನುವುದು ಸುಲಭ. ಹಾಗಲ್ಲ, ಒಂದೊಂದು ಮನೆಗೂ ಒಂದೊಂದು ಕಾರಣವಿತ್ತು. ಕಳ್ಳರ ಭಯ, ಕೋತಿಗಳ ಕಾಟ ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರು ಭಾಗವಾದಾಗ ತೊಟ್ಟಿಯ ನಡುವೆಯೇ ಗೋಡೆ ಎದ್ದದ್ದನ್ನು ನಮ್ಮ ಬೀದಿಯಲ್ಲೇ ಮೂರು ಕಡೆ ಕಂಡಿದ್ದೇನೆ. ಅರ್ಧ ತೊಟ್ಟಿಯಿಂದ ಯಾರಿಗೂ ಗಾಳಿಯಿಲ್ಲ. ಆಮೇಲೆ ಅದನ್ನು ಮುಚ್ಚುವುದೇ ಸರಿ ಎನಿಸುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಅದು ರೇಷ್ಮೆ. ಕೋಲಾರ ಜಿಲ್ಲೆಯಲ್ಲಿ ಹುಳು ಮೇಯಿಸದ ಹಳ್ಳಿ ಕಡಿಮೆ. ಬಹುಪಾಲು ರೈತರಿಗೆ ಬೇರೆ ಹುಳುಮನೆ ಇರಲಿಲ್ಲ; ಪಡಸಾಲೆಯಲ್ಲೇ ತಟ್ಟೆಗಳು, ಹಣ್ಣಾದ ಹುಳುವನ್ನು ಬಿಟ್ಟ ಚಂದ್ರಿಕೆಗಳು ತೊಟ್ಟಿಯಂಚಿನ ನೆರಳಿನಲ್ಲಿ. ಗಾಳಿಯಾಡುವ ಕಡೆ ಕಟ್ಟಿದ ಗೂಡು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಕಾಲಿಟ್ಟಿತು. ಬಂಗಾಳದ ಕಡೆಯಿಂದ ಬಂದ ಈ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿಂದುಹಾಕುತ್ತದೆ. ಬಾಗಿಲು ಕಿಟಕಿಗಳಿಗೆ ನೈಲಾನ್ ಪರದೆ ಕಟ್ಟಿ ಎಂದು ಇಲಾಖೆಯವರು ಊರೂರಿಗೆ ಬಂದು ಹೇಳಿದರು. ಕಿಟಕಿಗೆ ಪರದೆ ಕಟ್ಟಬಹುದು, ಆಕಾಶಕ್ಕೆ ತೆರೆದ ತೊಟ್ಟಿಗೆ ಏನು ಕಟ್ಟುವುದು? ಆ ನಾಲ್ಕೈದು ವರ್ಷಗಳಲ್ಲಿ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಪಡಸಾಲೆಗಳು ಗೋಡೆ ಕಂಡವು. ಒಂದು ನೊಣ ನಮ್ಮ ಮನೆಗಳ ನಕ್ಷೆಯನ್ನು ತಿದ್ದಿತೆಂದರೆ ಪಠ್ಯಪುಸ್ತಕ ಬರೆಯುವವರು ನಗಬಹುದು. ಆದರೂ ನಾನು ಕಂಡದ್ದು ಅದೇ.

ಮುಚ್ಚಬೇಕೆಂಬ ಆಸೆ ಇದ್ದರೂ ಮುಚ್ಚಲು ಸಾಮಗ್ರಿ ಬೇಕಲ್ಲ? ಸಿಮೆಂಟ್ ಆಗ ಪರ್ಮಿಟ್ಟಿನ ವಸ್ತು. ಹತ್ತು ಮೂಟೆಗೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯಬೇಕಾಗಿತ್ತು. ಮಹಾರಾಷ್ಟ್ರದ ಮುಖ್ಯಮಂತ್ರಿ ಅಂತುಲೆಯವರು 1982ರ ಜನವರಿಯಲ್ಲಿ ಪದವಿ ಬಿಟ್ಟದ್ದು ಸಿಮೆಂಟ್ ಹಂಚಿಕೆಯ ವಿವಾದದಲ್ಲೇ ಎಂಬುದು ಹಿರಿಯರಿಗೆ ನೆನಪಿರಬಹುದು. ಮರುತಿಂಗಳೇ ಕೇಂದ್ರ ಸರ್ಕಾರ ಸಿಮೆಂಟಿನ ನಿಯಂತ್ರಣವನ್ನು ಭಾಗಶಃ ಸಡಿಲಿಸಿತು. 1989ರಲ್ಲಿ ಪೂರ್ತಿ ತೆಗೆಯಿತು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಮೂಟೆ ಸಿಗುವ ಕಾಲ ಬಂದದ್ದು ಹೀಗೆ. ಅದರ ಜೊತೆಗೆ ಸೂರಿನ ಪಂಖ. ಇದನ್ನು ಮರೆಯಬಾರದು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ 1902ರಲ್ಲೇ ಚಿನ್ನದ ಗಣಿ ತಲುಪಿತ್ತು. ಗಣಿಯ ಪಟ್ಟಣಕ್ಕೆ ಕುಡಿಯುವ ನೀರು ಹೋದದ್ದು ನಮ್ಮ ಕೆರೆಯಿಂದ. ನೀರು ಕೊಟ್ಟ ಊರಿನ ನಮ್ಮ ಮನೆಗೆ ದೀಪ ಬಂದದ್ದು ಮಾತ್ರ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಪಂಖ ಬಂದದ್ದು ಕಾಲೇಜಿನಲ್ಲಿದ್ದಾಗ. ಪಂಖ ತಿರುಗಿಸಿದರಾಯಿತು, ಮುಚ್ಚಿದ ಕೋಣೆಯಾದರೇನು ಎಂಬ ಧೈರ್ಯ ಅದರಿಂದ ಬಂತು.

ಗಣಿಯ ಕಡೆಯ ಕಥೆಯೇ ಬೇರೆ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ದೊರೆಗಳಿಗೆ ಸುತ್ತ ವರಾಂಡವಿದ್ದ ಬಂಗಲೆಗಳು. ಕಾರ್ಮಿಕರಿಗೆ ಲೈನುಗಳಲ್ಲಿ ಮೊದಮೊದಲು ಬಿದಿರು ತಟ್ಟಿಯ ಗುಡಿಸಲು, ಮುಂದೆ ಒಂದೇ ಕೋಣೆಯ ಸಾಲುಮನೆ. ಕೋಣೆಯ ಮುಂದೆ ನಾಲ್ಕು ಹೆಜ್ಜೆ ಬಯಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಮೀರಿದ್ದು. ಪಾಳಿ ಮುಗಿಸಿ ಮೇಲೆ ಬಂದವನಿಗೆ ಆ ನಾಲ್ಕು ಹೆಜ್ಜೆಯ ಗಾಳಿ ಎಷ್ಟು ಬೇಕಾಗಿತ್ತೆಂದು ನಾವು ಊಹಿಸಲಾರೆವು. ಮಕ್ಕಳು ದೊಡ್ಡವರಾದರು, ಮದುವೆಯಾದರು, ಕೋಣೆ ಒಂದೇ ಇತ್ತು. ಬಯಲನ್ನು ತಗಡಿನಿಂದಲೋ ತಟ್ಟಿಯಿಂದಲೋ ಮರೆ ಮಾಡಿಕೊಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಮರೆಗಳು ಇಟ್ಟಿಗೆಯಾದವು. ಅಲ್ಲಿಂದ ನನ್ನ ತರಗತಿಗೆ ಬರುತ್ತಿದ್ದ ಮಕ್ಕಳಲ್ಲಿ ಹಲವರು ಓದಿದ್ದು ಆ ತಗಡಿನ ಕೋಣೆಯಲ್ಲಿ ಕೂತು. ಮೇ ತಿಂಗಳಲ್ಲಿ ಅದರೊಳಗೆ ಐದು ನಿಮಿಷ ಕುಳಿತು ನೋಡಿದವನು ನಾನು. ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ.

ಈಗ ನಮ್ಮ ಮನೆಗೆ ಬರುತ್ತೇನೆ. 1987ರಲ್ಲಿ ನನಗೆ ಮದುವೆ ಗೊತ್ತಾಯಿತು. ಮನೆಯಲ್ಲಿ ಬಾಗಿಲಿದ್ದ ಕೋಣೆ ಒಂದೇ. ಅದು ದವಸದ ಕೋಣೆ. ಉಳಿದವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗುವವರು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದ ನನಗೆ ಹೊಸ ಹೆಂಡತಿಯನ್ನು ಪಡಸಾಲೆಗೆ ಕರೆತರುವುದು ಅವಮಾನವೆನಿಸಿತು. ತಂದೆಯವರಿಗೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖ ತೋರಿಸಿದೆ. ಅವರು ಮೇಸ್ತ್ರಿಯನ್ನು ಕರೆಸಿದರು. ಅಜ್ಜಿ ಕಂಬಕ್ಕೊರಗಿ ಕೂತಿದ್ದವರು, "ಮನೆ ಮೂಗು ಮುಚ್ತೀರೇನೋ? ಉಸಿರಾಡೋದು ಹೆಂಗೆ?" ಎಂದರು. "ಅವ್ವಾ, ಹುಡುಗನಿಗೆ ಒಂದು ಕೋಣೆ ಬೇಡವೇ?" ಎಂದರು ತಂದೆ. ಅಜ್ಜಿ ಮತ್ತೆ ಮಾತಾಡಲಿಲ್ಲ. ಅಮ್ಮನನ್ನು ಯಾರೂ ಕೇಳಲಿಲ್ಲ.

ತುಳಸಿಕಟ್ಟೆ ಹಿತ್ತಲಿಗೆ ಹೋಯಿತು. ತಗ್ಗನ್ನು ಮಣ್ಣಿನಿಂದ ತುಂಬಿಸಿದರು, ತೂಬನ್ನು ಮುಚ್ಚಿದರು, ನಾಲ್ಕಂಗುಲದ ಮೋಲ್ಡ್ ಹಾಕಿದರು. ಹದಿನೈದು ದಿನ ನೀರು ಕಟ್ಟಿ ನಿಲ್ಲಿಸಿದಾಗ ಮನೆಯೆಲ್ಲ ತಂಪಾಗಿತ್ತು. ಎಷ್ಟು ಚೆನ್ನಾಗಿದೆ ಎಂದು ಬೀಗಿದೆವು. ನೀರು ಬಿಟ್ಟ ಮೇಲೆ ಬೇಸಿಗೆ ಬಂತು. ಸಿಮೆಂಟ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಸಂಜೆಯಾದ ಮೇಲೆ, ನಾವು ಮಲಗುವ ಹೊತ್ತಿಗೆ ಸರಿಯಾಗಿ, ಅದನ್ನು ಕೆಳಗೆ ಬಿಡುತ್ತದೆ. ಪಂಖ ಆ ಬಿಸಿಗಾಳಿಯನ್ನೇ ತಿರುವಿ ತಿರುವಿ ಮುಖಕ್ಕೆ ಹೊಡೆಯುತ್ತಿತ್ತು. ನಾನೂ ನನ್ನ ಹೆಂಡತಿಯೂ ಚಾಪೆ ಎತ್ತಿಕೊಂಡು ಮಾಳಿಗೆಯ ಮೇಲೆ ಮಲಗತೊಡಗಿದೆವು. ಯಾರಿಗಾಗಿ ಕೋಣೆ ಕಟ್ಟಿತೋ ಅವರೇ ಅದರಲ್ಲಿರಲಿಲ್ಲ.

ಅದು ನಗುವ ಮಾತು. ನಗಲಾರದ್ದು ಹೊಗೆಯದು. ಅಡುಗೆಮನೆ ತೊಟ್ಟಿಗೆ ಬಾಗಿಲು ತೆರೆದಿತ್ತು, ಒಲೆ ಸೌದೆಯದು. ಮೊದಲು ತೊಟ್ಟಿಯಿಂದ ಮೇಲೇರುತ್ತಿದ್ದ ಹೊಗೆ ಈಗ ನಡುಮನೆಯಲ್ಲೇ ಸುತ್ತುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಮ್ಮನಿಗೆ ಕೆಮ್ಮು, ಎರಡನೆಯ ವರ್ಷ ದಮ್ಮು. ಧೂಳಿಗೆ ಇರಬೇಕು, ಚಳಿಗೆ ಇರಬೇಕು ಎಂದು ಕಷಾಯ ಕೊಟ್ಟೆವು. ಕೊನೆಗೆ ತೋರಿಸಿದ ವೈದ್ಯರು ಮೊದಲು ಕೇಳಿದ್ದೇ, "ಅಡುಗೆ ಯಾವುದರಲ್ಲಿ? ಹೊಗೆ ಹೋಗಲು ದಾರಿ ಇದೆಯೇ?" ಅಮ್ಮ ನನ್ನ ಕಡೆ ನೋಡದೆ, "ಇದೆ ಸ್ವಾಮಿ" ಎಂದುಬಿಟ್ಟಳು.

1991ರಲ್ಲಿ ಅದೇ ಮೇಸ್ತ್ರಿಯನ್ನು ಕರೆಸಿ ಮೋಲ್ಡಿನ ನಡುವೆ ಮೂರಡಿ ಚೌಕ ಒಡೆಸಿದೆ. ಒಡೆಯಲು ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಸುತ್ತ ಎರಡಡಿ ಗೋಡೆ ಎಬ್ಬಿಸಿ, ನಾಲ್ಕು ಬದಿಗೂ ಕಂಬಿಯ ಜಾಲರಿ ಕೂಡಿಸಿ, ಮೇಲೆ ಕಲ್ಲುಚಪ್ಪಡಿ ಇರಿಸಿದರು. ದೊಡ್ಡ ಗವಾಕ್ಷಿ ಎನ್ನಿ. ಮಳೆ ಒಳಗೆ ಬಾರದು, ಕೋತಿ ಇಳಿಯದು, ಹೊಗೆ ಹೋಗುತ್ತದೆ. ಆಮೇಲೆ ಗ್ಯಾಸ್ ಒಲೆಯೂ ಬಂತು. ಅಮ್ಮನ ದಮ್ಮು ಕಡಿಮೆಯಾಯಿತು, ಬಿಡಲಿಲ್ಲ. ಅವಳು ಇದ್ದಷ್ಟು ಕಾಲ ಚಳಿಗಾಲದ ರಾತ್ರಿಗಳಲ್ಲಿ ಆ ಸದ್ದು ನನಗೆ ಕೇಳುತ್ತಲೇ ಇತ್ತು.

ಆದ್ದರಿಂದ, ಮಗೂ, ನೀನು ಕೇಳಿದ್ದಕ್ಕೆ ಉತ್ತರ ಹೀಗಿದೆ. ಕೋಣೆ ಮಾಡಿಸಬೇಡ ಎನ್ನುವುದಿಲ್ಲ, ನಿನ್ನ ತಾಯಿ ಒಬ್ಬರೇ ಇರುವ ಮನೆಗೆ ಭದ್ರತೆ ಬೇಕು. ಆದರೆ ಪೂರ್ತಿ ತೊಟ್ಟಿಯನ್ನು ಮುಚ್ಚಬೇಡ. ಅಡುಗೆಮನೆಯ ಕಡೆಯ ಮೂರನೆಯ ಒಂದು ಪಾಲಿನ ಮೇಲೆ ಬರೀ ಕಂಬಿ ಹಾಕಿಸು. ಉಳಿದ ಭಾಗದ ಸೂರನ್ನು ಪಡಸಾಲೆಯ ಸೂರಿಗಿಂತ ಎರಡಡಿ ಎತ್ತರಿಸಿ ಸಂದಿಯಲ್ಲಿ ಜಾಳಂದ್ರ ಬಿಡಿಸು. ಮೋಲ್ಡಿನ ಬದಲು ಮಂಗಳೂರು ಹೆಂಚು ಸಾಕು. ಮೇಸ್ತ್ರಿ ಮುಖ ಸಿಂಡರಿಸಿದರೆ ಸಿಂಡರಿಸಲಿ. ತೂಬನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಸಬೇಡ. ನಾವು ಮುಚ್ಚಿದ ತೂಬಿನ ತೇವ ನಡುಮನೆಯ ಗೋಡೆಯಲ್ಲಿ ಆಳೆತ್ತರಕ್ಕೆ ಏರಿ ಇಂದಿಗೂ ಸುಣ್ಣ ಉದುರಿಸುತ್ತಿದೆ. ಮುಂದಿನ ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಾ. ಆ ಗೋಡೆಯನ್ನೂ ಗವಾಕ್ಷಿಯನ್ನೂ ಅವನೇ ಕಣ್ಣಾರೆ ನೋಡಲಿ. ಊಟ ಇಲ್ಲೇ.