ತಳಿಶಾಸ್ತ್ರ ಮತ್ತು ಜೀವವಿಕಾಸದ ಕನ್ನಡ ಪರಿಭಾಷೆ

ಜೀವಿಗಳ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆಯನ್ನೂ ಕಾಲಾಂತರದಲ್ಲಿ ಜೀವಿಗಳು ಬದಲಾಗುವ ಬಗೆಯನ್ನೂ ಹೇಳಲು ಕನ್ನಡದಲ್ಲಿ ಬಳಕೆಗೆ ಬಂದಿರುವ ಪದಗಳು. ಇವು ಒಂದೇ ಸಮಿತಿ ಕೂತು ಟಂಕಿಸಿದವಲ್ಲ. ಪತ್ರಿಕೆ, ವಿಶ್ವಕೋಶ, ಶಾಲಾ ಪಠ್ಯ, ಹೊಲ, ಆಸ್ಪತ್ರೆ ಹೀಗೆ ಬೇರೆ ಬೇರೆ ಕಡೆ ಹುಟ್ಟಿ ಬೆಳೆದವು. ಅದರಿಂದಲೇ ಜೀನ್ ಎಂಬ ಒಂದೇ ವಸ್ತುವಿಗೆ ವಂಶವಾಹಿ, ಗುಣಾಣು ಎಂಬ ಹೆಸರುಗಳೂ ಇವೆ. ಅನುವಂಶೀಯತೆ, ಆನುವಂಶಿಕತೆ, ಅನುವಂಶಿಕತೆ ಎಂದು ಒಂದೇ ಪದವನ್ನು ಮೂರು ರೀತಿಯಲ್ಲಿ ಬರೆಯುವವರಿದ್ದಾರೆ.

ಆರಂಭ

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷ ಮಾತ್ರ ನಡೆದರೂ ವಿಜ್ಞಾನವನ್ನು ಕನ್ನಡದಲ್ಲೇ ಬರೆಯಬಹುದೆಂದು ತೋರಿಸಿತು. ಶಿವರಾಮ ಕಾರಂತರ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’, ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’, ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ಆ ಕೆಲಸವನ್ನು ಮುಂದುವರಿಸಿದವು. ಯಾವ ಪದವನ್ನು ಮೊದಲು ಬಳಸಿದವರು ಯಾರು ಎಂಬ ಲೆಕ್ಕ ಇಟ್ಟವರು ಕಡಿಮೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಸಾಹಿತ್ಯ ಮತ್ತು ಶಾಸನಗಳ ಪ್ರಯೋಗಗಳನ್ನು ಆಧರಿಸಿದ್ದು. ಹೊಸ ವಿಜ್ಞಾನ ಪದಗಳ ಜಾತಕ ಬರೆಯುವುದು ಅದರ ಕೆಲಸವಾಗಿರಲಿಲ್ಲ.

ತಳಿ ಮತ್ತು ಜೀನ್

‘ತಳಿ’ ರೈತರ ಮಾತು. ನಾಟಿ ತಳಿ, ಸುಧಾರಿತ ತಳಿ, ಹಳ್ಳಿಕಾರ್ ತಳಿ ಎಂದರೆ ವಿವರಣೆ ಬೇಡ. ಅಂಗಳಕ್ಕೆ ನೀರು ಚಿಮುಕಿಸುವುದಕ್ಕೂ ತಳಿ ಹಾಕುವುದು ಎನ್ನುತ್ತಾರೆ, ಆದರೆ ಅದು ಬೇರೆಯದೇ ಮಾತು. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ರಾಗಿ ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಅಡ್ಡಹಾಯಿಸಿ ‘ಇಂಡಾಫ್’ ತಳಿಗಳನ್ನು ತಂದಾಗ, ಹೆಸರಿನಲ್ಲೇ ಎರಡೂ ಮೂಲಗಳು ಉಳಿದವು. ರಾಗಿಯ ಹೂ ತೀರ ಸಣ್ಣದು, ತನ್ನ ಪರಾಗದಿಂದಲೇ ಕಾಳುಕಟ್ಟುತ್ತದೆ. ಅದನ್ನು ಬೇರೆ ಗಿಡದೊಂದಿಗೆ ಸೇರಿಸುವುದು ಸುಲಭದ ಕೆಲಸವಲ್ಲ. ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮೆಂಡೆಲ್‌ನ ಹೆಸರು ಕೇಳದ ರೈತರೂ ಇಂಡಾಫ್ ಬಿತ್ತಿದರು. ‘ತಳಿಶಾಸ್ತ್ರ’ ಎಂಬ ಹೆಸರು ಕನ್ನಡದಲ್ಲಿ ಬೇರೂರಿದ್ದು ಈ ಪರಿಚಯದ ಬಲದಿಂದ ಎನ್ನಬೇಕು.

ಜೀನ್‌ನ ಕಥೆ ಬೇರೆ. 1909ರಲ್ಲಿ ಡೆನ್ಮಾರ್ಕಿನ ಯೋಹಾನ್ಸನ್ ಕೊಟ್ಟ ಈ ಹೆಸರು ಕನ್ನಡಕ್ಕೆ ಹಾಗೇ ಬಂದಾಗ, ಕುದುರೆಯ ಬೆನ್ನಿನ ಜೀನು, ಜಿಪುಣ ಎಂಬರ್ಥದ ಜೀನ, ತೊಡುವ ಜೀನ್ಸ್ ಎಲ್ಲವೂ ಮೊದಲೇ ಇದ್ದವು. ಆದ್ದರಿಂದ ‘ವಂಶವಾಹಿ’ ಹೆಚ್ಚು ಸ್ಪಷ್ಟವೆನಿಸಿತು. ಆದರೆ ಮನೆಮಾತಿನಲ್ಲಿ ವಂಶವೆಂದರೆ ಬಹುಮಟ್ಟಿಗೆ ಅಪ್ಪನ ಕಡೆ. ಅಳಿಯಸಂತಾನ ಪದ್ಧತಿಯ ಕರಾವಳಿ ಸಮುದಾಯಗಳಲ್ಲಿ ಮಾತ್ರ ಅದು ತಾಯಿಯ ಕಡೆ. ಮಗುವಿಗೆ ಜೀನ್‌ಗಳು ಇಬ್ಬರಿಂದಲೂ ಬರುತ್ತವೆ ಎಂಬುದನ್ನು ಈ ಪದ ಹೇಳುವುದಿಲ್ಲ, ಪಾಠ ಹೇಳಬೇಕಾಗುತ್ತದೆ. ಕ್ರೋಮೋಸೋಮಿಗೆ ಇರುವ ‘ವರ್ಣತಂತು’ ಇದಕ್ಕಿಂತ ನಿಖರ: ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಎಳೆ.

ವಿಕಾಸ, ಜಾತಿ

ಡಾರ್ವಿನ್ 1859ರಲ್ಲಿ ಮಂಡಿಸಿದ ವಾದಕ್ಕೆ ‘ವಿಕಾಸ’ ಎಂಬ ಪದ ಗಟ್ಟಿಯಾಯಿತು. ಅರಳುವುದು, ಮೇಲೇರುವುದು ಎಂಬ ಭಾವ ಅದರಲ್ಲಿದೆ. ವಿಧಾನಸೌಧದ ಪಕ್ಕದ ವಿಕಾಸಸೌಧದಲ್ಲಿರುವುದೂ ಆ ಅರ್ಥವೇ. ಜೀವವಿಕಾಸದಲ್ಲಾದರೋ ಗೊತ್ತಾದ ಗುರಿಯಿಲ್ಲ: ಗುಹೆಯ ಮೀನು ಕಣ್ಣು ಕಳೆದುಕೊಂಡದ್ದೂ ವಿಕಾಸವೇ. ಪದ ಬದಲಿಸುವ ಕಾಲ ಮೀರಿದೆ, ಎಚ್ಚರಿಕೆಯಿಂದ ಬಳಸುವುದೊಂದೇ ದಾರಿ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ, ಹಾರುವ ಓತಿಯ ಹುಡುಕಾಟದ ಮೂಲಕ, ವಿಕಾಸದ ಕಾಲದ ಅಗಾಧತೆಯನ್ನು ಓದುಗರಿಗೆ ಮುಟ್ಟಿಸಿತು.

‘ಜಾತಿ’ಯದು ಇನ್ನೂ ತೊಡಕು. ಹಿಂದಿಯ ಜೀವವಿಜ್ಞಾನದಲ್ಲಿ ಜಾತಿ ಎಂದರೆ ಕನ್ನಡದ ಪ್ರಭೇದ, ಇಂಗ್ಲಿಷಿನ ಸ್ಪೀಶೀಸ್. ಕನ್ನಡದ ವಿಶ್ವಕೋಶ ಬರಹಗಳಲ್ಲಿ ಅದು ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪು (ಜೀನಸ್). ಕೆಲವರು ಆ ಗುಂಪನ್ನು ‘ಕುಲ’ ಎನ್ನುತ್ತಾರೆ. ಎರಡು ಭಾಷೆಯ ಪುಸ್ತಕಗಳನ್ನು ಜೊತೆಯಲ್ಲಿ ಓದುವ ವಿದ್ಯಾರ್ಥಿ ಇಲ್ಲಿ ತಪ್ಪುವುದು ಸಹಜ. ಮನುಷ್ಯರೆಲ್ಲ ಒಂದೇ ಪ್ರಭೇದ ಎಂಬ ಮಾತನ್ನು ‘ಜಾತಿ’ ಪದದಿಂದ ಹೇಳಹೊರಟರೆ ಸಮಾಜದ ಜಾತಿ ಅಡ್ಡಬರುತ್ತದೆ. ‘ಪ್ರಭೇದ’ ಈ ತೊಡಕಿನಿಂದ ಪಾರಾಗಿದೆ, ಅದೇ ಉಳಿಯಬೇಕಾದ ಪದ.

ಬನಶಂಕರಿಯ ಪಾಲು

ಇಂದು ಈ ಪದಗಳು ಮಕ್ಕಳಿಗೆ ತಲುಪುವ ದಾರಿ ದಕ್ಷಿಣ ಬೆಂಗಳೂರಿನ ಮೂಲಕ ಹಾಯುತ್ತದೆ. 1980ರಲ್ಲಿ ಸ್ಥಾಪನೆಯಾಗಿ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಪ್ರಕಟಿಸುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬನಶಂಕರಿ 2ನೇ ಹಂತದಲ್ಲಿದೆ. ರಾಜ್ಯದ ಶಾಲಾ ಪುಸ್ತಕಗಳನ್ನು ಹೊರತರುವ ಪಠ್ಯಪುಸ್ತಕ ಸಂಘ 3ನೇ ಹಂತದಲ್ಲಿದೆ. ಪರಿಷತ್ತಿನ ಲೇಖಕರು ಒಂದು ಪದವನ್ನು ಕಥೆ ಹೇಳಿ ವಿವರಿಸಬಹುದು, ಪಠ್ಯಪುಸ್ತಕ ಅದನ್ನು ಪರೀಕ್ಷೆಯ ಉತ್ತರವಾಗಿ ನಿಲ್ಲಿಸುತ್ತದೆ. ಹೆಚ್ಚು ಕಾಲ ಬಾಳುವುದು ಎರಡನೆಯದು.

ಶಾಲಾ ಪಾಠಗಳಲ್ಲಿ ಹೆಚ್ಚಾಗಿ ಕಾಣುವ ‘ಪ್ರಬಲ’, ‘ದುರ್ಬಲ’ (ಡಾಮಿನೆಂಟ್, ರಿಸೆಸಿವ್) ಎಂಬ ಜೋಡಿಯನ್ನು ಇಲ್ಲಿ ಹೇಳಬೇಕು. ಮೆಂಡೆಲ್‌ನ ಬಟಾಣಿ ಪ್ರಯೋಗದ ಎರಡನೇ ಪೀಳಿಗೆಯ 1,064 ಗಿಡಗಳಲ್ಲಿ 787 ಎತ್ತರದವು, 277 ಗಿಡ್ಡ. ಗಿಡ್ಡತನ ಮೊದಲ ಪೀಳಿಗೆಯಲ್ಲಿ ಅಡಗಿತ್ತು, ಎರಡನೆಯದರಲ್ಲಿ ಹಾಗೇ ಮರಳಿತು. ಅದು ಬಲ ಕುಂದಿದ್ದಲ್ಲ, ಸುಪ್ತವಾಗಿದ್ದದ್ದು. ಹೆಸರು ಮುಖ್ಯವಾಗುವುದು ಆಸ್ಪತ್ರೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳಿರುವ ಈ ನಗರದಲ್ಲಿ ಸಲಹೆಗೆ ಬರುವ ದಂಪತಿಗಳಲ್ಲಿ ಸೋದರಿಕೆಯಲ್ಲಿ ಮದುವೆಯಾದವರೂ ಇರುತ್ತಾರೆ. ಅತ್ತೆಯ ಮಗನನ್ನು ಮದುವೆಯಾದರೆ, ಯಾವುದೇ ಜೀನ್‌ನ ಒಂದೇ ಮೂಲದ ಎರಡು ಪ್ರತಿಗಳು ಮಗುವಿಗೆ ಬರುವ ಸಂಭವ 16ರಲ್ಲಿ 1. ಸೋದರಮಾವನನ್ನು ಮದುವೆಯಾದರೆ 8ರಲ್ಲಿ 1. ರೋಗ ತರುವ ಜೀನ್ ಇಬ್ಬರಲ್ಲೂ ಸುಪ್ತವಾಗಿದ್ದರೆ ಪ್ರತಿ ಮಗುವಿಗೂ ರೋಗದ ಸಂಭವ 4ರಲ್ಲಿ 1. ಇಂಥ ಜೀನನ್ನು ‘ದುರ್ಬಲ ಜೀನ್’ ಎಂದರೆ ಹೆತ್ತವರು ತಮ್ಮಲ್ಲೇ ಏನೋ ನಿಶ್ಶಕ್ತಿಯಿದೆ ಎಂದುಕೊಳ್ಳುತ್ತಾರೆ. ‘ನಿಮ್ಮಿಬ್ಬರಲ್ಲೂ ಅಡಗಿರುವುದು’ ಎಂದರೆ ವಿಷಯ ತಲುಪುತ್ತದೆ. ಪಠ್ಯದಲ್ಲೂ ‘ಸುಪ್ತ’ ಬರುವುದು ಒಳ್ಳೆಯದು.

ಈಚಿನ ಪದಗಳು

ಹೊಸ ಶತಮಾನದಲ್ಲಿ ಪದ ಕೊಟ್ಟದ್ದು ಹೆಚ್ಚಾಗಿ ಸುದ್ದಿಪತ್ರಿಕೆಗಳು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿ, ಬಿಟಿ ಬದನೆಯ ವಾದ ಎದ್ದು, 2010ರ ಫೆಬ್ರುವರಿಯಲ್ಲಿ ಕೇಂದ್ರ ಅದನ್ನು ತಡೆಹಿಡಿಯುವ ಹೊತ್ತಿಗೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ ಎಂಬರ್ಥದ ‘ಕುಲಾಂತರಿ’ ಮನೆಮಾತಾಗಿತ್ತು. ಉಡುಪಿಯ ಮಟ್ಟುಗುಳ್ಳ ಬದನೆ ಕುಲಗೆಡಬಾರದೆಂಬ ಆತಂಕ ಆ ಪದಕ್ಕೆ ಬಿಸಿ ತುಂಬಿತು. ಕೋವಿಡ್ ಕಾಲದಲ್ಲಿ, ಬದಲಾದ ವೈರಸ್ಸಿಗೆ, ‘ರೂಪಾಂತರಿ’ ಬಂತು. ಮ್ಯುಟೇಶನ್ನಿಗೆ ಪಠ್ಯದಲ್ಲಿರುವ ‘ಉತ್ಪರಿವರ್ತನೆ’ ತಲುಪದ ಕಡೆಗೆ ಅದು ಕೆಲವೇ ತಿಂಗಳಲ್ಲಿ ತಲುಪಿತು.

2023ರಲ್ಲಿ ರಾಷ್ಟ್ರೀಯ ಪಠ್ಯ ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟು ಅನುವಂಶೀಯತೆಯನ್ನಷ್ಟೇ ಉಳಿಸಿಕೊಂಡಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. 12ನೇ ತರಗತಿಯ ಜೀವವಿಜ್ಞಾನದಲ್ಲಿ ವಿಕಾಸ ಉಳಿದಿದೆ. ಕರ್ನಾಟಕದಲ್ಲಿ ಆ ತರಗತಿಯ ವಿಜ್ಞಾನ ಪಾಠ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುವುದರಿಂದ, ವಿಕಾಸದ ಕನ್ನಡ ಪದಗಳಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.