ಪ್ರೊವೊ ಮತ್ತು ಅದರಾಚೆ: ಮಾರ್ಮನ್ ವಿಶ್ವವಿದ್ಯಾಲಯಗಳು, ಪಂಥದ ಜಾಗತಿಕ ಹರಹು

ಪಂಥದ ಹಿನ್ನೆಲೆ

ಲೋಕವು ಮಾರ್ಮನ್ನರೆಂದು ಗುರುತಿಸುವ ಕ್ರೈಸ್ತ ಪಂಥದ ಅಧಿಕೃತ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 1830ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದರು. ಬೈಬಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಎಂಬ ಕೃತಿಯನ್ನೂ ಧರ್ಮಗ್ರಂಥವೆಂದು ಸ್ವೀಕರಿಸಿರುವುದು ಈ ಪಂಥದ ವಿಶಿಷ್ಟ ಲಕ್ಷಣ. ‘ಮಾರ್ಮನ್’ ಎಂಬ ಅಡ್ಡಹೆಸರಿನ ಮೂಲವೂ ಆ ಗ್ರಂಥವೇ. ಆ ಹೆಸರನ್ನು ಕೈಬಿಡಬೇಕೆಂದು 2018ರಿಂದ ಚರ್ಚ್ ಒತ್ತಾಯಿಸುತ್ತಿದೆ. ಆದರೂ ಓದುಗರಿಗೆ ಪರಿಚಿತವಾದದ್ದು ಅದೇ ಆದ್ದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.

1844ರಲ್ಲಿ ಇಲಿನಾಯ್ ರಾಜ್ಯದ ಕಾರ್ತೇಜ್ ಎಂಬ ಊರಿನ ಸೆರೆಮನೆಗೆ ನುಗ್ಗಿದ ಗುಂಪೊಂದು ಸ್ಮಿತ್ ಅವರನ್ನು ಕೊಂದಿತು. ಅನುಯಾಯಿಗಳಲ್ಲಿ ಬಹುಪಾಲು ಜನ ಬ್ರಿಗಮ್ ಯಂಗ್ ಅವರ ನೇತೃತ್ವದಲ್ಲಿ ಪಶ್ಚಿಮಕ್ಕೆ ಹೊರಟು, 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆ ಕಂಡುಕೊಂಡರು. ಇಂದಿನ ಯೂಟಾ ರಾಜ್ಯ ಬೆಳೆದದ್ದು ಆ ವಲಸೆಯಿಂದ. ಪಂಥವನ್ನು ವಿವಾದಕ್ಕೆ ಗುರಿಮಾಡಿದ್ದ ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ 1890ರಲ್ಲಿ ಹೊರಬಿದ್ದಿತು. ಆರು ವರ್ಷಗಳ ನಂತರ ಯೂಟಾ ಪೂರ್ಣ ರಾಜ್ಯದ ಸ್ಥಾನ ಪಡೆಯಿತು.

ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ

ಸಾಲ್ಟ್ ಲೇಕ್ ನಗರದ ದಕ್ಷಿಣಕ್ಕಿರುವ ಪ್ರೊವೊ ಪಟ್ಟಣದಲ್ಲಿ 1875ರಲ್ಲಿ ಒಂದು ಅಕಾಡೆಮಿ ಆರಂಭವಾಯಿತು. ಮರುವರ್ಷ ಅದರ ಚುಕ್ಕಾಣಿ ಹಿಡಿದ ಜರ್ಮನ್ ಮೂಲದ ಶಿಕ್ಷಕ ಕಾರ್ಲ್ ಮೇಸರ್ ಅದಕ್ಕೆ ಗಟ್ಟಿ ಬುನಾದಿ ಹಾಕಿದರು. 1903ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಈಗ ಅಲ್ಲಿ ಸುಮಾರು 35,000 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಬಹುತೇಕ ಎಲ್ಲರೂ ಪಂಥದ ಸದಸ್ಯರು. 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಪಾಲ್ ಬೋಯರ್ ಇಲ್ಲಿನ ಪದವೀಧರರು. ‘ಟ್ವೈಲೈಟ್’ ಕಾದಂಬರಿಗಳ ಲೇಖಕಿ ಸ್ಟೆಫನಿ ಮೇಯರ್ ಹಾಗೂ ರಾಜಕಾರಣಿ ಮಿಟ್ ರಾಮ್ನಿ ಅವರೂ ಇಲ್ಲಿಯೇ ಓದಿದವರು. 1971ರಿಂದ 1980ರವರೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಡ್ಯಾಲಿನ್ ಓಕ್ಸ್ 2025ರಲ್ಲಿ ಇಡೀ ಚರ್ಚಿನ ಅಧ್ಯಕ್ಷರಾದರು.

ಖಾಸಗಿ ಸಂಸ್ಥೆಯಾದರೂ ಇಲ್ಲಿನ ಶುಲ್ಕ ಅಮೆರಿಕದ ಮಟ್ಟಿಗೆ ಅಗ್ಗ. ಮಾರ್ಮನ್ನರು ತಮ್ಮ ವರಮಾನದ ಹತ್ತನೆಯ ಒಂದು ಭಾಗವನ್ನು ಚರ್ಚಿಗೆ ದಶಮಾಂಶವಾಗಿ ಅರ್ಪಿಸುತ್ತಾರೆ. ವಿಶ್ವವಿದ್ಯಾಲಯಕ್ಕೆ ಆ ನಿಧಿಯಿಂದ ದೊಡ್ಡ ನೆರವು ಸಲ್ಲುತ್ತದೆ. ಈ ಕಾರಣ ಪದವಿ ತರಗತಿಗಳಲ್ಲಿ ಸದಸ್ಯರಲ್ಲದವರು ಸದಸ್ಯರ ಎರಡರಷ್ಟು ಶುಲ್ಕ ತೆರಬೇಕು. ದಶಮಾಂಶ ಕೊಡದ ಮನೆಯವರಿಗೆ ರಿಯಾಯಿತಿ ಏಕೆ ಎಂಬುದು ಇದರ ಹಿಂದಿನ ತರ್ಕ.

ನಿಯಮ ಮತ್ತು ದಿನಚರಿ

ಇಲ್ಲಿನ ಬದುಕಿನ ಎಲ್ಲೆಗಳನ್ನು ನಿರ್ಧರಿಸುವುದು ‘ಆನರ್ ಕೋಡ್’ ಎಂಬ ಲಿಖಿತ ಸಂಹಿತೆ. ಪ್ರತಿ ವಿದ್ಯಾರ್ಥಿಯೂ ಅದಕ್ಕೆ ಒಪ್ಪಿಗೆ ನೀಡಬೇಕು. ಅಷ್ಟೇ ಅಲ್ಲ, ತನ್ನ ನಡತೆಯ ಬಗ್ಗೆ ಧರ್ಮಾಧಿಕಾರಿಯೊಬ್ಬರ ದೃಢೀಕರಣವನ್ನೂ ಕಾಲಕಾಲಕ್ಕೆ ಪಡೆಯಬೇಕು. ಮದ್ಯ ಮತ್ತು ತಂಬಾಕು ನಿಷಿದ್ಧ. ವಿವಾಹಪೂರ್ವ ಲೈಂಗಿಕ ಸಂಬಂಧಕ್ಕೆ ಅವಕಾಶವಿಲ್ಲ. ಗಂಡಸರು ಗಡ್ಡ ಬಿಡುವಂತಿಲ್ಲ. ಚರ್ಮದ ತೊಂದರೆಯಂಥ ಕಾರಣವಿದ್ದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. 1833ರಲ್ಲಿ ಸ್ಮಿತ್ ಪ್ರಕಟಿಸಿದ ಆರೋಗ್ಯ ನಿಯಮದ ಪ್ರಕಾರ ಕಾಫಿ, ಚಹಾ ಎರಡೂ ವರ್ಜ್ಯ. ಬೆಳಗಿನ ಲೋಟ ಕಾಫಿಯಿಲ್ಲದೆ ಕಣ್ಣು ಬಿಡದ ನಾಡಿನವರಿಗೆ ಇದೇ ಎಲ್ಲಕ್ಕಿಂತ ಕಠಿಣ ವ್ರತವಾಗಿ ಕಂಡೀತು! ಕೆಫೀನ್ ಇರುವ ಕೋಲಾ ಪಾನೀಯಗಳಿಗೆ ಧರ್ಮದ ಅಡ್ಡಿ ಇರಲಿಲ್ಲ. ಆದರೂ ಆವರಣದ ಅಂಗಡಿಗಳಲ್ಲಿ ಅವುಗಳ ಮಾರಾಟ ಶುರುವಾದದ್ದು 2017ರಲ್ಲಿ. ಅಂದು ಅದು ದೊಡ್ಡ ಸುದ್ದಿಯಾಯಿತು.

ದಿನಕ್ಕೆರಡು ಬಾರಿ, ಧ್ವಜ ಏರಿಸುವಾಗ ಮತ್ತು ಇಳಿಸುವಾಗ, ಆವರಣದಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ತರಗತಿಗೆ ಓಡುತ್ತಿರುವವರೂ ಇದ್ದಲ್ಲಿಯೇ ನಿಂತು ಧ್ವಜದತ್ತ ತಿರುಗುತ್ತಾರೆ. ಭಾನುವಾರ ಅದೇ ತರಗತಿಯ ಕೋಣೆಗಳು ಪ್ರಾರ್ಥನಾ ಸ್ಥಳಗಳಾಗುತ್ತವೆ. ಅವಿವಾಹಿತ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ‘ವಾರ್ಡ್’ಗಳು, ಅಂದರೆ ಸ್ಥಳೀಯ ಸಭೆಗಳು, ಇವೆ. ಈ ಪಂಥದ ಸ್ಥಳೀಯ ಸಭೆಗಳಲ್ಲಿ ಸಂಬಳ ಪಡೆಯುವ ಪುರೋಹಿತರಿಲ್ಲ. ಆದ್ದರಿಂದ ಭಾಷಣ, ಬೋಧನೆ, ಸಂಗೀತ, ಅಗತ್ಯವಿದ್ದವರ ಆರೈಕೆ ಎಲ್ಲವೂ ಇಪ್ಪತ್ತರ ಆಸುಪಾಸಿನ ಯುವಜನರ ಹೆಗಲಿಗೆ ಬೀಳುತ್ತದೆ. ಜೊತೆಗಾರರು ಸಿಗುವುದೂ ಹೆಚ್ಚಾಗಿ ಈ ಸಭೆಗಳಲ್ಲಿಯೇ. ಓದು ಮುಗಿಯುವ ಮೊದಲೇ ಮದುವೆಯಾಗುವುದು ಇಲ್ಲಿ ಸಾಮಾನ್ಯ ಸಂಗತಿ. ಭಾನುವಾರ ವಿಶ್ವವಿದ್ಯಾಲಯದ ತಂಡಗಳು ಯಾವ ಪಂದ್ಯವನ್ನೂ ಆಡುವುದಿಲ್ಲ. ಅದಕ್ಕಾಗಿ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ವೇಳಾಪಟ್ಟಿಯನ್ನೇ ಹೊಂದಿಸಿಕೊಡಬೇಕಾಗುತ್ತದೆ.

ಈ ಶಿಸ್ತಿಗೆ ಒಂದು ಬೆಲೆಯೂ ಇದೆ. ಆಫ್ರಿಕನ್ ಮೂಲದ ಪುರುಷರಿಗೆ ಚರ್ಚಿನ ಯಾಜಕ ಪದವಿಯನ್ನು ನಿರಾಕರಿಸಿದ್ದ ನೀತಿಯಿಂದಾಗಿ 1960ರ ದಶಕದ ಕೊನೆಯಲ್ಲಿ ಪ್ರೊವೊದ ಕ್ರೀಡಾ ತಂಡಗಳು ಹೋದೆಡೆಯೆಲ್ಲ ಪ್ರತಿಭಟನೆ ಎದುರಿಸಿದವು. 1969ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ 14 ಮಂದಿ ಕಪ್ಪುವರ್ಣೀಯ ಆಟಗಾರರು ಕಪ್ಪು ಪಟ್ಟಿ ಧರಿಸಲು ಮುಂದಾಗಿ ತಮ್ಮ ತಂಡದಿಂದಲೇ ಹೊರಹಾಕಲ್ಪಟ್ಟರು. 1978ರಲ್ಲಿ ಚರ್ಚ್ ಆ ನಿರ್ಬಂಧವನ್ನು ತೆಗೆಯಿತು. ಸಲಿಂಗ ಪ್ರೇಮದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2020ರ ಫೆಬ್ರವರಿಯಲ್ಲಿ ಸಂಹಿತೆಯಿಂದ ಅದರ ಉಲ್ಲೇಖ ಮಾಯವಾದಾಗ ಹಲವು ವಿದ್ಯಾರ್ಥಿಗಳು ಸಂಭ್ರಮಿಸಿದರು. ಕೆಲವೇ ವಾರಗಳಲ್ಲಿ ನಿಯಮ ಬದಲಾಗಿಲ್ಲವೆಂಬ ಸ್ಪಷ್ಟನೆ ಬಂದಾಗ ಅದೇ ಆವರಣದಲ್ಲಿ ಪ್ರತಿಭಟನೆ ನಡೆಯಿತು.

ಓದಿನ ನಡುವಿನ ಪ್ರವಾಸ

ತರಗತಿಯನ್ನೂ ಜಗತ್ತನ್ನೂ ಬೆಸೆಯುವ ವ್ಯವಸ್ಥೆ ‘ಮಿಷನ್’. ಯುವಕರು ಎರಡು ವರ್ಷ, ಯುವತಿಯರು ಹದಿನೆಂಟು ತಿಂಗಳು ಓದನ್ನು ನಿಲ್ಲಿಸಿ ಧರ್ಮಪ್ರಚಾರಕ್ಕೆ ತೆರಳುತ್ತಾರೆ. ಊರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿಲ್ಲ. ಅದನ್ನು ಕೇಂದ್ರ ಕಚೇರಿ ನಿರ್ಧರಿಸುತ್ತದೆ. ಸಂಬಳವಿಲ್ಲ, ಖರ್ಚನ್ನು ಬಹುಮಟ್ಟಿಗೆ ಅವರ ಕುಟುಂಬವೇ ಭರಿಸುತ್ತದೆ. ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿ ಸದಾ ಜೋಡಿಯಾಗಿಯೇ ಓಡಾಡಬೇಕು. ಮನೆಯವರೊಂದಿಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಲು ಅನುಮತಿ ದೊರೆತದ್ದೇ 2019ರಲ್ಲಿ. 2012ರಲ್ಲಿ ಕನಿಷ್ಠ ವಯಸ್ಸನ್ನು ಯುವಕರಿಗೆ 19ರಿಂದ 18ಕ್ಕೂ ಯುವತಿಯರಿಗೆ 21ರಿಂದ 19ಕ್ಕೂ ಇಳಿಸಿದ ಬಳಿಕ ಪ್ರಚಾರಕರ ಸಂಖ್ಯೆ, ವಿಶೇಷವಾಗಿ ಯುವತಿಯರದು, ಒಮ್ಮೆಲೇ ಏರಿತು. ಈಗ ಜಗತ್ತಿನಾದ್ಯಂತ 70,000ಕ್ಕೂ ಹೆಚ್ಚು ಪ್ರಚಾರಕರಿದ್ದಾರೆ.

ಪ್ರಚಾರಕರ ಮುಖ್ಯ ತರಬೇತಿ ಕೇಂದ್ರ ವಿಶ್ವವಿದ್ಯಾಲಯದ ಮಗ್ಗುಲಲ್ಲಿಯೇ ಇದೆ. ಅಲ್ಲಿ 50ಕ್ಕೂ ಹೆಚ್ಚು ಭಾಷೆಗಳನ್ನು ಕಲಿಸಲಾಗುತ್ತದೆ. ಕಲಿಸುವವರು ಬಹುತೇಕ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳು: ಎರಡು ವರ್ಷ ಬ್ರೆಜಿಲ್‌ನಲ್ಲಿ ಬೀದಿ ಅಲೆದವರು ತರಗತಿ ಮುಗಿಸಿ ರಸ್ತೆ ದಾಟಿ ಹೊಸಬರಿಗೆ ಪೋರ್ಚುಗೀಸ್ ಹೇಳಿಕೊಡುತ್ತಾರೆ. ಪ್ರೊವೊದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ಭಾಷೆ ಬಲ್ಲವರು ಎಂಬುದರ ಗುಟ್ಟು ಇಷ್ಟೇ. ಪರ್ವತಗಳ ನಡುವಿನ ಈ ಪಟ್ಟಣ ವೇಷಭೂಷಣದಲ್ಲಿ ಏಕರೂಪವಾಗಿದ್ದರೂ ಮಾತಿನಲ್ಲಿ ಬಹುದೇಶೀಯ.

ಇತರ ಸಂಸ್ಥೆಗಳು

ಐಡಾಹೊ ರಾಜ್ಯದ ರೆಕ್ಸ್‌ಬರ್ಗ್‌ನಲ್ಲಿಯೂ ಹವಾಯಿ ರಾಜ್ಯದ ಲಾಯೆ ಎಂಬಲ್ಲಿಯೂ ಬ್ರಿಗಮ್ ಯಂಗ್ ಅವರದೇ ಹೆಸರಿನ ವಿಶ್ವವಿದ್ಯಾಲಯಗಳಿವೆ. 1955ರಲ್ಲಿ ಆರಂಭವಾದ ಹವಾಯಿಯ ಸಂಸ್ಥೆಯಲ್ಲಿ ಪೆಸಿಫಿಕ್ ದ್ವೀಪಗಳ ಮತ್ತು ಏಷ್ಯಾದ ವಿದ್ಯಾರ್ಥಿಗಳು ಹೆಚ್ಚು. ಪಕ್ಕದ ಪಾಲಿನೇಷ್ಯನ್ ಸಾಂಸ್ಕೃತಿಕ ಕೇಂದ್ರದಲ್ಲಿ ದುಡಿದು ಓದಿನ ವೆಚ್ಚ ತೂಗಿಸಿಕೊಳ್ಳುವವರು ಅವರಲ್ಲಿ ಅನೇಕರು. ಜೆರುಸಲೇಮಿನ ಸ್ಕೋಪಸ್ ಬೆಟ್ಟದ ಮೇಲೆ ಪ್ರೊವೊದ ಅಧ್ಯಯನ ಕೇಂದ್ರವೊಂದಿದೆ. ಅಲ್ಲಿ ಧರ್ಮಪ್ರಚಾರ ಮಾಡುವುದಿಲ್ಲವೆಂಬ ಲಿಖಿತ ವಾಗ್ದಾನ ಕೊಟ್ಟ ಮೇಲಷ್ಟೇ ಅದು ಕಾರ್ಯಾರಂಭ ಮಾಡಲು ಸಾಧ್ಯವಾಯಿತು.

ಸದಸ್ಯರು ಹೆಚ್ಚಿದಂತೆ ಎಲ್ಲರನ್ನೂ ಯೂಟಾಕ್ಕೆ ಕರೆತರುವುದು ಅಸಾಧ್ಯವಾಯಿತು. 2009ರಲ್ಲಿ ಮೊದಲಾದ ‘ಪಾಥ್‌ವೇ’ ಕಾರ್ಯಕ್ರಮ ಇದಕ್ಕೆ ಕಂಡುಕೊಂಡ ಉತ್ತರ. ಅಂತರಜಾಲದ ಮೂಲಕ ಕಡಿಮೆ ಶುಲ್ಕದಲ್ಲಿ ಪದವಿ ಪಡೆಯುವ ಈ ವ್ಯವಸ್ಥೆ ಈಗ 180ಕ್ಕೂ ಹೆಚ್ಚು ದೇಶಗಳಲ್ಲಿದೆ. ಪ್ರೊವೊಗಿಂತ ಕಡಿಮೆ ಹೆಸರು ಮಾಡಿದರೂ ಪಂಥದ ಮುಂದಿನ ದಿನಗಳ ದೃಷ್ಟಿಯಿಂದ ಇದರ ತೂಕವೇ ಹೆಚ್ಚು.

ಸದಸ್ಯಬಲ

1947ರಲ್ಲಿ ಹತ್ತು ಲಕ್ಷವಿದ್ದ ಸದಸ್ಯರ ಸಂಖ್ಯೆ 1997ರಲ್ಲಿ ಒಂದು ಕೋಟಿ ಮುಟ್ಟಿತು, ಇಂದು 1.7 ಕೋಟಿ ಮೀರಿದೆ. 1996ರಲ್ಲಿಯೇ ಅಮೆರಿಕದ ಹೊರಗಿನ ಸದಸ್ಯರು ಒಳಗಿನವರನ್ನು ಮೀರಿಸಿದರು. ಮೆಕ್ಸಿಕೊ, ಬ್ರೆಜಿಲ್, ಫಿಲಿಪೀನ್ಸ್ ದೊಡ್ಡ ನೆಲೆಗಳು. 1978ರ ನಿರ್ಧಾರದ ನಂತರ ತೆರೆದುಕೊಂಡ ಪಶ್ಚಿಮ ಆಫ್ರಿಕಾದಲ್ಲಿ ಬೆಳವಣಿಗೆ ಈಗ ಬಹಳ ಚುರುಕು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಒಮ್ಮೆ ದೀಕ್ಷಾಸ್ನಾನ ಪಡೆದವರ ಹೆಸರು, ಅವರು ಆಮೇಲೆ ಬರುವುದನ್ನೇ ನಿಲ್ಲಿಸಿದರೂ, ಚರ್ಚಿನ ದಾಖಲೆಯಲ್ಲಿ ಉಳಿಯುತ್ತದೆ. ಚಿಲಿಯ 2002ರ ಜನಗಣತಿಯಲ್ಲಿ ತಾವು ಈ ಪಂಥದವರೆಂದು ಹೇಳಿಕೊಂಡವರು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಚರ್ಚಿನ ಲೆಕ್ಕ ಐದು ಲಕ್ಷ ದಾಟಿತ್ತು. 2010ರ ಬ್ರೆಜಿಲ್ ಗಣತಿಯಲ್ಲಿಯೂ ಅಂಥದೇ ಅಂತರ ಕಂಡಿತು. ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1984ರಲ್ಲಿ, 2080ರ ಹೊತ್ತಿಗೆ ಸದಸ್ಯರು 26.5 ಕೋಟಿಯವರೆಗೂ ಏರಬಹುದೆಂದು ಅಂದಾಜಿಸಿದ್ದರು. ವಾರ್ಷಿಕ ಬೆಳವಣಿಗೆ ಶೇಕಡಾ 2ಕ್ಕಿಂತ ಕೆಳಗಿಳಿದಿರುವ ಇಂದು ಆ ಅಂದಾಜು ಅತಿ ಎನಿಸುತ್ತದೆ.

ಭಾರತ ಮತ್ತು ಬೆಂಗಳೂರು

ಮಾರ್ಮನ್ ಪ್ರಚಾರಕರು ಕಲ್ಕತ್ತೆಗೆ ಬಂದದ್ದು 1851ರಲ್ಲಿ. ಆ ಪ್ರಯತ್ನ ಹೆಚ್ಚು ಕಾಲ ನಿಲ್ಲಲಿಲ್ಲ. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತದ ಮಿಷನ್ ರೂಪುಗೊಂಡಿತು. ದೇಶದಲ್ಲಿ ಸದಸ್ಯರ ಸಂಖ್ಯೆ ಇಂದಿಗೂ ಸಾವಿರಗಳ ಲೆಕ್ಕದಲ್ಲಿಯೇ ಇದೆ. ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಣೆ ಹೊರಟಿತು. 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮನಾದ ವಿಧಿ ನಡೆಯಿತು. ಇಲ್ಲಿ ದೇವಾಲಯವೆಂದರೆ ಭಾನುವಾರದ ಪ್ರಾರ್ಥನಾ ಮಂದಿರವಲ್ಲ. ದಂಪತಿಗಳನ್ನು ಶಾಶ್ವತವಾಗಿ ಬೆಸೆಯುವ ವಿವಾಹ, ಗತಿಸಿದ ಹಿರಿಯರ ಪರವಾಗಿ ಪಡೆಯುವ ದೀಕ್ಷಾಸ್ನಾನ ಮೊದಲಾದ ವಿಧಿಗಳಿಗೆ ಮಾತ್ರ ಅದು ಮೀಸಲು. ಅವುಗಳಿಗಾಗಿ ಭಾರತದ ಸದಸ್ಯರು ಹಾಂಗ್‌ಕಾಂಗ್‌ನಂಥ ದೂರದ ಊರುಗಳಿಗೆ ಹೋಗಬೇಕಾಗಿತ್ತು. ಪ್ರತಿಷ್ಠಾಪನೆಯ ನಂತರ ಇಂಥ ಕಟ್ಟಡಕ್ಕೆ ಅರ್ಹತಾಪತ್ರ ಪಡೆದ ಸದಸ್ಯರಿಗಷ್ಟೇ ಪ್ರವೇಶ. ಅದಕ್ಕೆ ಮುನ್ನ ಸ್ವಲ್ಪ ಕಾಲ ಅದನ್ನು ಸಾರ್ವಜನಿಕರ ವೀಕ್ಷಣೆಗೆ ತೆರೆದಿಡುವುದು ಪಂಥದ ರೂಢಿ.